ನೆಟ್ಟ ಗಿಡ ಉಳಿಸೋದು ಹೇಗೆ? ಸ್ವಯಂಸೇವಕರಿಗೆ ಮೂರು ವರ್ಷದ ಕೈಪಿಡಿ

"ಗಿಡ ನೆಡುವ ದಿನ ಬಂದಿದ್ದೆ. ಈಗ ಅವನ್ನು ನೋಡಿಕೊಳ್ಳೋಕೂ ಬರ್ತೀನಿ, ಏನು ಮಾಡಬೇಕು ಹೇಳಿ." ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಅದರ ಬೆನ್ನಿಗೇ ಇನ್ನೆರಡು: ದಿನಾ ನೀರು ಹಾಕಬೇಕಾ? ಎಲೆ ಎಲ್ಲಾ ಉದುರಿದೆ, ಸತ್ತೇ ಹೋಯ್ತಾ? ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿ, ಎಲ್ಲವನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಸ್ಥಳೀಯ ಜಾತಿಯ ಗಿಡ ನೆಡುವುದು ಒಂದು ಬೆಳಗಿನ ಕೆಲಸ. ಉಳಿಸುವುದು ಸುಮಾರು ಮೂರು ವರ್ಷದ ಕೆಲಸ. ನಾನು ನೋಡಿದ ಮಟ್ಟಿಗೆ ಎಳೆ ಗಿಡಗಳು ಎರಡು ಕಾರಣಕ್ಕೆ ಸಾಯುತ್ತವೆ. ಯಾರೂ ತಿರುಗಿ ನೋಡದೆ ಸಾಯುವುದು ಒಂದು. ಪ್ರೀತಿ ಜಾಸ್ತಿಯಾಗಿ ಸಾಯುವುದು ಇನ್ನೊಂದು. ದಿನಾ ಬಕೆಟ್ ಸುರಿಯುವುದು, ಬುಡಕ್ಕೆ ಗುಡ್ಡೆ ಮಾಡುವುದು, ಬಿಗಿಯಾಗಿ ಕಟ್ಟುವುದು, ಗೊಬ್ಬರ ತುಂಬುವುದು. ಎಲ್ಲವೂ ಒಳ್ಳೆ ಮನಸ್ಸಿನಿಂದಲೇ ನಡೆಯುತ್ತವೆ. ಹಾಗಾಗಿ ಇಲ್ಲಿ ಮಾಡಬೇಕಾದ್ದು ಎಷ್ಟಿದೆಯೋ ಮಾಡಬಾರದ್ದೂ ಅಷ್ಟೇ ಇದೆ.

ಸ್ಥಳೀಯ ಗಿಡ ಅಲ್ವಾ, ತಾನೇ ಬೆಳೆಯಲ್ವಾ?

ಸ್ಥಳೀಯ ಮರ ಅಂದರೆ ಯಾರೋ ಹೊರಗಿಂದ ತಂದದ್ದಲ್ಲ. ಆ ನೆಲದ ಮಳೆ, ಬಿಸಿಲು, ಹುಳ, ಹಕ್ಕಿಗಳ ಜೊತೆ ಸಾವಿರಾರು ವರ್ಷ ಒಗ್ಗಿಕೊಂಡು ಬಂದ ಜಾತಿ. ಒಂದೇ ಮರ ಒಂದು ಕಡೆ ಮನೆಯವನು, ಇನ್ನೊಂದು ಕಡೆ ನೆಂಟ. ನೀಲಗಿರಿ ಆಸ್ಟ್ರೇಲಿಯಾದ್ದು. ಗುಲ್‌ಮೊಹರ್ ಮಡಗಾಸ್ಕರ್‌ನದ್ದು. ಬೇವು ಭಾರತ ಉಪಖಂಡದ ಕಡೆಯದ್ದು. ಅದೇ ಬೇವು ಆಸ್ಟ್ರೇಲಿಯಾದ ಉತ್ತರ ಭಾಗಕ್ಕೆ ಹೋಗಿ ಹಬ್ಬಿಕೊಂಡು ಕಳೆ ಅನ್ನಿಸಿಕೊಂಡಿದೆ.

ಹಾಗಾದರೆ ಒಗ್ಗಿದ ಮರಕ್ಕೆ ನಮ್ಮ ಆರೈಕೆ ಯಾಕೆ? ಬೀಜ ಬಿದ್ದಲ್ಲೇ ಮೊಳೆತ ಗಿಡ ಎಲೆಗಿಂತ ಮೊದಲು ಬೇರು ಇಳಿಸುತ್ತದೆ. ನೀರು ಸಿಕ್ಕಷ್ಟಕ್ಕೆ ತಕ್ಕಂತೆ ಮೇಲೆ ಬೆಳೆಯುತ್ತದೆ. ನರ್ಸರಿಯ ಸಸಿ ಹಾಗಲ್ಲ. ಅದು ಪ್ಲಾಸ್ಟಿಕ್ ಚೀಲದೊಳಗೆ, ದಿನಾ ನೀರು ಕುಡಿದು, ನೆರಳಿನಲ್ಲಿ ಬೆಳೆದದ್ದು. ಮೇಲೆ ಎದೆಯೆತ್ತರ ಇದ್ದರೂ ಕೆಳಗೆ ಬೇರು ಒಂದು ಬಕೆಟ್ಟಿನಷ್ಟು ಜಾಗದಲ್ಲಿ ಮುದುರಿಕೊಂಡಿರುತ್ತದೆ. ಅಂಥದ್ದನ್ನು ತಂದು ಬಯಲಲ್ಲಿ ನಿಲ್ಲಿಸಿದರೆ, ಸುತ್ತಲ ಮಣ್ಣಿಗೆ ಬೇರು ಹರಡುವವರೆಗೆ ಅದು ಸ್ಥಳೀಯವಾದರೂ ಪರದೇಶಿಯೇ. ನಮ್ಮ ಕೆಲಸ ಆ ನಡುವಿನ ಕಾಲಕ್ಕೆ ಮಾತ್ರ.

1. ಒಪ್ಪಿಕೊಳ್ಳುವ ಮುಂಚೆ ಲೆಕ್ಕ ಹಾಕಿ

ಹುರುಪಿನಲ್ಲಿ "ಐವತ್ತು ಗಿಡ ನನಗಿರಲಿ" ಅನ್ನಬೇಡಿ. ಆಳೆತ್ತರದ ಒಂದು ಗಿಡಕ್ಕೆ ವಾರಕ್ಕೆ 15 ಲೀಟರ್ ಅಂತ ಇಟ್ಟುಕೊಳ್ಳಿ. 10 ಗಿಡಕ್ಕೆ 150 ಲೀಟರ್ ಆಯಿತು. ಅಂದರೆ 15 ಕಿಲೋ ತೂಗುವ ಬಕೆಟ್ಟನ್ನು ಹತ್ತು ಸಲ ಹೊರಬೇಕು. ನಲ್ಲಿ 100 ಮೀಟರ್ ದೂರವಿದ್ದರೆ ಹೋಗಿ ಬರುವುದಕ್ಕೇ 2 ಕಿಲೋಮೀಟರ್ ನಡೆದಂತೆ. ಪೈಪ್ ಎಳೆಯುವ ಅನುಕೂಲ ಇದ್ದರೆ ಸಂಖ್ಯೆ ಹೆಚ್ಚಿಸಿಕೊಳ್ಳಬಹುದು. ಇಲ್ಲದಿದ್ದರೆ ಒಬ್ಬರಿಗೆ ಐದರಿಂದ ಹತ್ತು ಸಾಕು.

ಒಪ್ಪಿಕೊಳ್ಳುವ ಮುಂಚೆ ಇಷ್ಟು ಕೇಳಿ ತಿಳಿದುಕೊಳ್ಳಿ:

- ಜಾಗ ಯಾರದ್ದು, ಅನುಮತಿ ಯಾರು ಕೊಟ್ಟಿದ್ದಾರೆ? ಸಾಧ್ಯವಾದರೆ ಬರಹದಲ್ಲಿ ಇರಲಿ.
- ನೀರು ಎಲ್ಲಿಂದ? ಬೇಸಿಗೆಯಲ್ಲೂ ಬರುತ್ತದಾ?
- ಯಾವ ಯಾವ ಜಾತಿ, ಯಾವಾಗ ನೆಟ್ಟದ್ದು? ಪಟ್ಟಿ ಇದೆಯಾ?
- ಬೇರೆ ಯಾರಾದರೂ ಆಗಲೇ ನೀರು ಹಾಕುತ್ತಿದ್ದಾರಾ? ಇಬ್ಬರು ಒಬ್ಬರಿಗೊಬ್ಬರು ಗೊತ್ತಿಲ್ಲದೆ ಹಾಕಿದರೆ ಗಿಡ ಕೊಳೆಯುತ್ತದೆ.
- ನೀವು ಊರಲ್ಲಿ ಇಲ್ಲದಾಗ ಯಾರು?

ಕೊನೆಯ ಪ್ರಶ್ನೆಯನ್ನು ಎಲ್ಲರೂ ಹಾರಿಸಿಬಿಡುತ್ತಾರೆ. ಗಿಡಕ್ಕೆ ನೀರು ಬೇಕೇ ಬೇಕಾದ ಕಾಲಕ್ಕೇ ರಜೆ, ಪ್ರವಾಸ ಎಲ್ಲಾ ಬರುವುದು. ಒಬ್ಬೊಬ್ಬರೇ ಹೊಣೆ ಹೊರುವ ಬದಲು ಇಬ್ಬಿಬ್ಬರ ಜೋಡಿ ಮಾಡಿಕೊಳ್ಳಿ.

2. ಸಾಮಾನು

ಜಾಸ್ತಿ ಏನೂ ಬೇಡ. ಬಕೆಟ್ ಅಥವಾ ಹೂಜಿ, ಕಳೆ ಕೀಳುವ ಕುರ್ಪಿ, ಗಟ್ಟಿ ಕೈಗವಸು, ಮುಚ್ಚಿದ ಶೂ, ಹಳೇ ಹತ್ತಿ ಬಟ್ಟೆಯ ಪಟ್ಟಿಗಳು, ಅಳತೆ ಟೇಪು, ಒಂದು ನೋಟ್‌ಬುಕ್. ಕತ್ತರಿಸುವ ಸಿಕೇಚರ್, ಅಂದರೆ ಕೊಂಬೆ ಕತ್ತರಿ, ಗುಂಪಿಗೊಂದಿದ್ದರೆ ಸಾಕು. ಎಲ್ಲರ ಕೈಯಲ್ಲೂ ಇದ್ದರೆ ಎಲ್ಲರೂ ಕತ್ತರಿಸುತ್ತಾರೆ.

ಕೈಗವಸು, ಶೂ ಬಗ್ಗೆ ಉದಾಸೀನ ಬೇಡ. ಹುಲ್ಲಿನೊಳಗೆ ಗಾಜಿನ ಚೂರು, ತುಕ್ಕು ಹಿಡಿದ ತಂತಿ, ಕೆಲವೊಮ್ಮೆ ಹಾವೂ ಇರುತ್ತದೆ. ಕೈ ಹಾಕುವ ಮುಂಚೆ ಕೋಲಿನಿಂದ ತಟ್ಟಿ. ಟೆಟನಸ್ ಚುಚ್ಚುಮದ್ದು ಯಾವಾಗ ಹಾಕಿಸಿಕೊಂಡದ್ದು ಅಂತ ಒಮ್ಮೆ ನೆನಪಿಸಿಕೊಳ್ಳಿ. ರಸ್ತೆ ಬದಿಯ ಗಿಡವಾದರೆ ಹೊಳೆಯುವ ಬಣ್ಣದ ಅಂಗಿ ಇರಲಿ, ಬರುವ ಗಾಡಿಗಳಿಗೆ ಬೆನ್ನು ಹಾಕಿ ಕೂರಬೇಡಿ. ಗುದ್ದಲಿಯಿಂದ ಆಳವಾಗಿ ಅಗೆಯುವ ಕೆಲಸ ಮಾತ್ರ ಕೇಳದೆ ಮಾಡಬೇಡಿ. ಕೆಳಗೆ ಕೇಬಲ್ಲೋ ಪೈಪೋ ಇರಬಹುದು.

3. ಮೊದಲ ದಿನ ಸುಮ್ನೆ ನೋಡಿ

ಮೊದಲ ದಿನ ನೀರನ್ನೂ ಒಯ್ಯಬೇಡಿ ಅಂತಲೇ ನಾನು ಹೇಳುವುದು. ಕೈಯಲ್ಲಿ ಬಕೆಟ್ ಇದ್ದರೆ ಕಣ್ಣು ಕೆಲಸ ಮಾಡಲ್ಲ. ಒಂದೊಂದು ಗಿಡದ ಮುಂದೆ ಕೂತು ಬುಡದಿಂದ ತುದಿಯವರೆಗೆ ನೋಡಿ.

ಬುಡದಲ್ಲಿ ಏನು ಕಾಣಬೇಕು? ಕಾಂಡ ಬೇರಾಗಿ ತಿರುಗುವ ಜಾಗದಲ್ಲಿ ಸ್ವಲ್ಪ ಅಗಲವಾಗುತ್ತದೆ, ಆನೆಯ ಪಾದದ ಹಾಗೆ. ಇದಕ್ಕೆ ಬೇರಿನ ಕತ್ತು ಅನ್ನೋಣ. ಅದು ಮಣ್ಣಿನ ಮೇಲೆ ಕಾಣುವಂತೆ ಇರಬೇಕು. ಕಾಂಡ ಕಂಬದ ಹಾಗೆ ನೇರವಾಗಿ ಮಣ್ಣಿನೊಳಗೆ ಇಳಿದಿದ್ದರೆ ಗಿಡವನ್ನು ಆಳಕ್ಕೆ ನೆಟ್ಟಿದ್ದಾರೆ, ಇಲ್ಲವೇ ಮೇಲೆ ಮಣ್ಣು ಬಂದು ಕೂತಿದೆ ಅಂತ ಅರ್ಥ. ಬೆರಳಿನಿಂದ ಮೆಲ್ಲಗೆ ಮಣ್ಣು ಸರಿಸಿ ಕತ್ತನ್ನು ಹೊರಗೆ ತನ್ನಿ. ತುಂಬಾ ಆಳವಿದ್ದರೆ ನೀವೇ ಕಿತ್ತು ನೆಡಲು ಹೋಗಬೇಡಿ, ನೆಟ್ಟವರಿಗೆ ಹೇಳಿ.

ನರ್ಸರಿಯ ಚೀಲದ ಅಂಚು ಮಣ್ಣಿನಿಂದ ಇಣುಕುತ್ತಿದೆಯಾ ನೋಡಿ. ಗಡಿಬಿಡಿಯಲ್ಲಿ ಚೀಲ ಸಮೇತ ನೆಟ್ಟುಬಿಡುವುದು ನೀವಂದುಕೊಂಡಷ್ಟು ಅಪರೂಪವಲ್ಲ. ಇಣುಕಿದರೆ ತಕ್ಷಣ ತಿಳಿಸಿ. ಇಂಥ ಗಿಡಕ್ಕೆ ಎಷ್ಟು ನೀರು ಹಾಕಿದರೂ ಬೇರು ಆಚೆ ಬರಲ್ಲ.

ಎಲೆಯೇ ಇಲ್ಲದ ಗಿಡ ಬದುಕಿದೆಯೋ ಇಲ್ಲವೋ ತಿಳಿಯುವುದು ಸುಲಭ. ತುದಿಯ ರೆಂಬೆ ಹಿಡಿದು, ಹೆಬ್ಬೆರಳಿನ ಉಗುರಿನಿಂದ ತೊಗಟೆಯನ್ನು ಎಳ್ಳಷ್ಟು ಕೆರೆಯಿರಿ. ಒಳಗೆ ಹಸಿರು, ಸ್ವಲ್ಪ ಪಸೆ ಕಂಡರೆ ಜೀವ ಇದೆ. ಕಂದಾಗಿ ಒಣಗಿ ಪುಡಿಪುಡಿಯಾದರೆ ಆ ತುದಿ ಹೋಗಿದೆ. ಆಗ ಒಂದು ಗೇಣು ಕೆಳಗೆ ಕೆರೆದು ನೋಡಿ. ಅಲ್ಲೂ ಇಲ್ಲವಾ, ಇನ್ನೂ ಕೆಳಗೆ. ಬುಡದಲ್ಲಿ ಹಸಿರು ಸಿಕ್ಕರೂ ಸಾಕು, ಆಸೆ ಬಿಡಬೇಡಿ. ಎಷ್ಟೋ ಜಾತಿಗಳು ಬುಡದಿಂದಲೇ ಮತ್ತೆ ಚಿಗುರುತ್ತವೆ. ನೆಟ್ಟ ಮೊದಲ ವಾರಗಳಲ್ಲಿ ಎಲೆ ಉದುರಿಸುವುದು ಗಿಡ ಗಾಬರಿಯಲ್ಲಿ ಖರ್ಚು ಕಡಿಮೆ ಮಾಡಿಕೊಳ್ಳುವ ರೀತಿ. ಕೆಲವು ಜಾತಿಗಳು ಕಾಲಕ್ಕೆ ತಕ್ಕಂತೆ ಉದುರಿಸುವುದೂ ಉಂಟು.

ಒಂದು ಗಿಡಕ್ಕೆ ಒಂದೆರಡು ಕಡೆ ಕೆರೆದರೆ ಸಾಕು. ಬಂದವರೆಲ್ಲಾ ಕೆರೆಯುತ್ತಾ ಹೋದರೆ ಅದೇ ಗಾಯ.

4. ನೀರು

ಎಲ್ಲಕ್ಕಿಂತ ಜಾಸ್ತಿ ತಪ್ಪು ನಡೆಯುವುದು ಇಲ್ಲೇ, ಹಾಗಾಗಿ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಮೊದಲು ಬೆರಳು, ಆಮೇಲೆ ಬಕೆಟ್. ಬುಡದಿಂದ ಒಂದು ಗೇಣಿನೊಳಗೆ, ಅಂದರೆ ನರ್ಸರಿಯ ಹಳೇ ಮಣ್ಣುಂಡೆ ಇರುವಲ್ಲಿ, ಬೆರಳನ್ನು ಪೂರ್ತಿ ಇಳಿಸಿ. ಮೇಲಿನ ಮಣ್ಣು ಬೆಳ್ಳಗೆ ಒಣಗಿದ್ದರೂ ಬೆರಳ ತುದಿಗೆ ತಂಪು, ಪಸೆ ಸಿಕ್ಕರೆ ಇವತ್ತು ನೀರು ಬೇಡ. ಒಣಗಿದ್ದರೆ ಹಾಕಿ. ಬೆರಳು ಇಳಿಯದಷ್ಟು ಗಟ್ಟಿ ನೆಲವಾದರೆ ಉದ್ದನೆಯ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಪಸೆ ಇದ್ದಷ್ಟು ಆಳಕ್ಕೆ ಸಲೀಸಾಗಿ ಇಳಿಯುತ್ತದೆ, ಒಣ ಮಣ್ಣಿಗೆ ಬಂದಾಗ ನಿಲ್ಲುತ್ತದೆ.

ಆ ಜಾಗವನ್ನೇ ಯಾಕೆ ನೋಡಬೇಕು ಅಂದರೆ, ಮೊದಲ ಕೆಲವು ವಾರ ಗಿಡದ ಬೇರೆಲ್ಲಾ ಇರುವುದು ಆ ಉಂಡೆಯೊಳಗೆ. ಸುತ್ತಲ ನೆಲ ಒದ್ದೆಯಿದ್ದರೂ ಉಂಡೆ ಮಾತ್ರ ಒಣಗಿರಬಹುದು. ನರ್ಸರಿಯ ಮಿಶ್ರಣ ಹಗುರವಾಗಿರುತ್ತದೆ, ಬೇಗ ಒಣಗುತ್ತದೆ. ಒಂದು ಮೀಟರ್ ಆಚೆ ಕೆಸರು ಕಂಡು "ನೀರಿದೆಯಲ್ಲಾ" ಅಂತ ವಾಪಸ್ ಬಂದರೆ ಗಿಡ ಬಾಯಾರಿಕೊಂಡೇ ಇರುತ್ತದೆ.

ಎಷ್ಟು, ಎಷ್ಟು ದಿನಕ್ಕೊಮ್ಮೆ? ಮಳೆ ಇಲ್ಲದ ಕಾಲಕ್ಕೆ ಒಂದು ಅಂದಾಜು:

- ಮೊದಲ ಎರಡು ವಾರ: ಎರಡು ಮೂರು ದಿನಕ್ಕೊಮ್ಮೆ, ಬುಡದ ಉಂಡೆಗೇ.
- ಅಲ್ಲಿಂದ ಮೊದಲ ವರ್ಷ ಮುಗಿಯುವವರೆಗೆ: ವಾರಕ್ಕೊಮ್ಮೆ. ಮೊಣಕಾಲೆತ್ತರದ ಗಿಡಕ್ಕೆ 5ರಿಂದ 10 ಲೀಟರ್, ಆಳೆತ್ತರದ್ದಕ್ಕೆ 15ರಿಂದ 20.
- ಎರಡನೇ ವರ್ಷ: ಎರಡು ವಾರಕ್ಕೊಮ್ಮೆ, ಆದರೆ ಹೆಚ್ಚು ನೀರು, ಹೆಚ್ಚು ಅಗಲಕ್ಕೆ.
- ಮೂರನೇ ವರ್ಷ: ಬಿರು ಬೇಸಿಗೆಯಲ್ಲಿ ತಿಂಗಳಿಗೊಮ್ಮೆ, ಅಥವಾ ಗಿಡ ಬಾಡಿದರೆ.

ಮರಳು ನೆಲದಲ್ಲಿ ನೀರು ಬೇಗ ಇಳಿದುಹೋಗುತ್ತದೆ, ಅಲ್ಲಿ ಇನ್ನೂ ಬೇಗ ಬೇಗ ಬೇಕು. ಜೇಡಿ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಲ್ಲಿ ಅಂತರ ಹೆಚ್ಚಿರಲಿ. ಪಟ್ಟಿಗಿಂತ ಬೆರಳನ್ನು ನಂಬಿ.

ದಿನಾ ಒಂದು ಚೊಂಬು ಹಾಕುವುದು ಒಳ್ಳೆಯದಲ್ವಾ ಅಂತ ಕೇಳುತ್ತಾರೆ. ಅಲ್ಲ. ಒಂದು ಚೊಂಬು ನೀರು ಮೇಲಿನ ಎರಡು ಬೆರಳು ಮಣ್ಣನ್ನಷ್ಟೇ ಒದ್ದೆ ಮಾಡುತ್ತದೆ. ಬೇರೂ ಅಲ್ಲೇ ಮೇಲೆ ಉಳಿಯುತ್ತದೆ. ನೀವು ಮೂರು ದಿನ ಬರದಿದ್ದರೆ ಮೊದಲು ಸುಡುವುದು ಆ ಮೇಲಿನ ಪದರವೇ. ನೀರು ಹೀರುವ ಸಣ್ಣ ಬೇರುಗಳು ಬಹುಪಾಲು ಮೇಲಿನ 30ರಿಂದ 45 ಸೆಂಟಿಮೀಟರ್ ಒಳಗೆ ಇರುತ್ತವೆ. ಅಷ್ಟು ಆಳಕ್ಕೆ ನೀರು ಇಳಿಯಬೇಕು. ಅದಕ್ಕೆ ಒಮ್ಮೆಲೇ ಸುರಿಯದೆ, ಅರ್ಧ ಬಕೆಟ್ ಹಾಕಿ, ಪಕ್ಕದ ಗಿಡಕ್ಕೆ ಹೋಗಿ, ಅದು ಇಂಗಿದ ಮೇಲೆ ಉಳಿದರ್ಧ ಹಾಕಿ.

ನೀರು ನಿಲ್ಲಲು ಪಾತಿ ಬೇಕು. ಪಾತಿ ಅಂದರೆ ಗಿಡದ ಸುತ್ತ ಒಂದು ಮೀಟರ್ ಅಗಲಕ್ಕೆ ಕಟ್ಟುವ ಸಣ್ಣ ಮಣ್ಣಿನ ಏರಿ. ಇಳಿಜಾರಿನಲ್ಲಿ ಕೆಳಬದಿಗೆ ಅರ್ಧಚಂದ್ರದಂತೆ ಕಟ್ಟಿದರೆ ಸಾಕು. ಮಳೆ ಜೋರಾದಾಗ ಪಾತಿಯಲ್ಲಿ ನೀರು ಒಂದು ದಿನ ಕಳೆದರೂ ಇಂಗದಿದ್ದರೆ ಏರಿಯನ್ನು ಒಂದು ಕಡೆ ಒಡೆದು ಹರಿಯಲು ಬಿಡಿ. ಬೇರಿಗೂ ಉಸಿರಾಡಬೇಕು. ಮಣ್ಣಿನ ಸಂದಿಗಳಲ್ಲೆಲ್ಲಾ ನೀರೇ ತುಂಬಿದರೆ ಗಾಳಿ ಸಿಗದೆ ಬೇರು ಕೊಳೆಯುತ್ತದೆ, ಕೊಳೆತ ಬೇರು ನೀರು ಹೀರಲ್ಲ, ಎಲೆ ಬಾಡುತ್ತದೆ. ಬಾಡಿದ ಎಲೆ ಕಂಡ ನೀವು ಇನ್ನೊಂದು ಬಕೆಟ್ ಸುರಿಯುತ್ತೀರಿ. ಅಲ್ಲಿಗೆ ಕಥೆ ಮುಗೀತು.

ಎರಡನ್ನೂ ಬೇರೆ ಮಾಡಿ ಗುರುತಿಸುವುದು ಕಲಿಯಿರಿ. ನೀರು ಸಾಲದ ಗಿಡದ ಎಲೆ ಮಂಕಾಗಿ, ಸುರುಳಿ ಸುತ್ತಿ, ಅಂಚು ಗರಿಗರಿಯಾಗುತ್ತದೆ. ನೀರು ಹೆಚ್ಚಾದ ಗಿಡದಲ್ಲಿ ಕೆಳಗಿನ ಎಲೆಗಳು ಮೆತ್ತಗೆ ಹಳದಿಯಾಗಿ ಉದುರುತ್ತವೆ, ಮಣ್ಣು ಮೂಸಿದರೆ ಕೊಳೆತ ವಾಸನೆ. ನಡುಮಧ್ಯಾಹ್ನ ಎಲೆ ಜೋತು ಬಿದ್ದದ್ದು ಕಂಡು ಗಾಬರಿಯಾಗಬೇಡಿ. ಬಿಸಿಲು ಇಳಿದ ಮೇಲೆ ಎದ್ದು ನಿಂತರೆ ಪರವಾಗಿಲ್ಲ. ಬೆಳಗ್ಗೆಯೂ ಜೋತೇ ಇದ್ದರೆ ಆಗ ಬೆರಳಿನ ಪರೀಕ್ಷೆ.

"ನಿನ್ನೆ ಮಳೆ ಬಂತಲ್ಲಾ" ಅನ್ನುವವರಿಗೆ ಒಂದು ಲೆಕ್ಕ. 1 ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ನೆಲಕ್ಕೆ 1 ಲೀಟರ್ ನೀರು. ಒಂದು ಮೀಟರ್ ಅಗಲದ ದುಂಡು ಪಾತಿಯ ವಿಸ್ತೀರ್ಣ ಸುಮಾರು 0.8 ಚದರ ಮೀಟರ್. ಹಾಗಾಗಿ 10 ಮಿಲಿಮೀಟರ್ ಮಳೆ ಬಿದ್ದರೂ ಗಿಡಕ್ಕೆ ಸಿಕ್ಕಿದ್ದು 8 ಲೀಟರ್. ಸುಮ್ನೆ ಬಟ್ಟೆ ನೆನೆಸಿ ಹೋಗುವ ತುಂತುರು 2 ಮಿಲಿಮೀಟರ್ ಕೂಡ ದಾಟಿರುವುದಿಲ್ಲ.

ವಾರಕ್ಕೊಮ್ಮೆಯೂ ಹೋಗಲಾಗದಿದ್ದರೆ ಹಳೇ 20 ಲೀಟರ್ ಕ್ಯಾನಿನ ತಳಕ್ಕೆ ಸಣ್ಣ ತೂತು ಮಾಡಿ ಪಾತಿಯಲ್ಲಿಡಿ, ತೊಟ್ಟಿಕ್ಕುತ್ತಾ ಇಳಿಯುತ್ತದೆ. ಮಣ್ಣಿನ ಮಡಕೆ ಹೂಳುವ ಕ್ರಮವೂ ಇದೆ. ಚೀನಾದಲ್ಲಿ 2,000 ವರ್ಷಗಳ ಹಿಂದೆಯೇ ಇದು ಬಳಕೆಯಲ್ಲಿತ್ತು. ಮೆರುಗು ಬಳಿಯದ ಮಡಕೆಯ ಗೋಡೆಯಿಂದ ನೀರು ಜಿನುಗುತ್ತದೆ, ಸುತ್ತಲ ಮಣ್ಣು ಒಣಗಿದಷ್ಟೂ ಹೆಚ್ಚು ಎಳೆದುಕೊಳ್ಳುತ್ತದೆ. ಬಾಯಿಗೆ ಮುಚ್ಚಳ ಇರಲೇಬೇಕು, ಇಲ್ಲದಿದ್ದರೆ ಸೊಳ್ಳೆ ಸಾಕಿದಂತಾಗುತ್ತದೆ. ನೆಟ್ಟ ಮೇಲೆ ಮಡಕೆ ಹೂಳುವುದಾದರೆ ಹಳೇ ಮಣ್ಣುಂಡೆಯ ಪಕ್ಕದಲ್ಲಿ, ಬೇರಿಗೆ ತಾಗದಂತೆ ಹೂಳಿ.

5. ಹೊದಿಕೆ: ಬಳೆಯ ಹಾಗೆ, ಹುತ್ತದ ಹಾಗಲ್ಲ

ಹೊದಿಕೆ ಅಂದರೆ ಮಲ್ಚಿಂಗ್. ಒಣಗಿದ ಎಲೆ, ಹುಲ್ಲು, ಮರದ ಚೂರುಗಳನ್ನು ಪಾತಿಯ ಮೇಲೆ ಹರಡುವುದು. ಮಣ್ಣು ತಂಪಾಗಿರುತ್ತದೆ, ಕಳೆ ಕಡಿಮೆ, ನೀರು ಬೇಗ ಆರುವುದಿಲ್ಲ, ಕೊಳೆತು ಗೊಬ್ಬರವೂ ಆಗುತ್ತದೆ. ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಲಾಭ ಕೊಡುವ ಕೆಲಸ ಇನ್ನೊಂದಿಲ್ಲ.

ದಪ್ಪ 5ರಿಂದ 10 ಸೆಂಟಿಮೀಟರ್. ಕಾಂಡದ ಸುತ್ತ ನಾಲ್ಕು ಬೆರಳು ಜಾಗ ಖಾಲಿ ಬಿಡಿ. ಮೇಲಿಂದ ನೋಡಿದರೆ ಬಳೆಯ ಹಾಗೆ ಕಾಣಬೇಕು. ಜನ ಮಾಡುವುದು ಹುತ್ತದ ಹಾಗೆ, ಕಾಂಡಕ್ಕೇ ಒತ್ತಿ ಗುಡ್ಡೆ. ತೊಗಟೆ ಸದಾ ಒದ್ದೆಯಾಗಿದ್ದರೆ ಕೊಳೆಯುತ್ತದೆ, ಇಲಿ ಹೆಗ್ಗಣ ಬೆಚ್ಚಗೆ ಕೂತು ತೊಗಟೆ ಕಡಿಯುತ್ತವೆ.

ಆಗತಾನೇ ಕೊಯ್ದ ಹಸಿ ಹುಲ್ಲನ್ನು ದಪ್ಪಗೆ ಒಟ್ಟಬೇಡಿ, ಅದು ಕೊಳೆಯುವಾಗ ಬಿಸಿಯಾಗುತ್ತದೆ. ಒಣಗಿಸಿ ಹಾಕಿ. ಮರದ ಚೂರನ್ನು ಮಣ್ಣಿನೊಳಗೆ ಬೆರೆಸುವುದೂ ಬೇಡ. ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನು ಎಳೆದುಕೊಂಡು ಗಿಡಕ್ಕೆ ಕೊರತೆಯಾಗುತ್ತದೆ. ಮೇಲೆ ಹರಡಿದರೆ ಆ ತೊಂದರೆ ಅಷ್ಟಾಗಿ ಇಲ್ಲ. ಬೆಂಕಿ ಬೀಳುವ ಜಾಗವಾದರೆ ಬೇಸಿಗೆಗೆ ಮುಂಚೆ ಸುತ್ತಲ ಒಣ ಹುಲ್ಲನ್ನು ಸವರಿ ದೂರ ಹಾಕಿ, ಪಾತಿಯ ಹೊದಿಕೆ ತೆಳುವಾಗಿರಲಿ.

6. ಕಳೆ

ಗಿಡದ ಸುತ್ತ ಅರ್ಧ ಮೀಟರ್ ದೂರದವರೆಗೆ ಹುಲ್ಲು, ಬಳ್ಳಿ ಇಲ್ಲದಂತೆ ನೋಡಿಕೊಳ್ಳಿ. ಹುಲ್ಲು ಬಡಪಾಯಿ ಅಲ್ಲ. ಮೇಲ್ಮಣ್ಣಿನ ನೀರಿಗೆ ಎಳೆ ಗಿಡದ ಜೊತೆ ಪೈಪೋಟಿಗೆ ಬಿದ್ದರೆ ಗೆಲ್ಲುವುದು ಹುಲ್ಲೇ. ಆದರೆ ಇಡೀ ಜಾಗವನ್ನು ಬೋಳಿಸಬೇಡಿ. ಪಾತಿಯಾಚೆಯ ಹುಲ್ಲು ಮಣ್ಣು ಕೊಚ್ಚಿಹೋಗದಂತೆ ಹಿಡಿದಿರುತ್ತದೆ.

ಕಿತ್ತ ಕಳೆಯಲ್ಲಿ ಬೀಜ ಕಟ್ಟಿಲ್ಲದಿದ್ದರೆ ಅಲ್ಲೇ ಒಣಗಿಸಿ ಹೊದಿಕೆಗೆ ಬಳಸಿ. ಮತ್ತೆ, ಕೀಳುವ ಮುಂಚೆ ಗುರುತಿಸಿ. ಹಕ್ಕಿ ಹಿಕ್ಕೆಯಿಂದ ಬಿದ್ದ ಸ್ಥಳೀಯ ಮರದ ಸಸಿ ಅಲ್ಲೇ ಹುಟ್ಟಿರಬಹುದು. ನಾವು ದುಡ್ಡು ಕೊಟ್ಟು ತಂದ ಗಿಡವನ್ನು ಉಳಿಸಲು ಪುಕ್ಕಟೆ ಬಂದ ಗಿಡವನ್ನು ಕಿತ್ತೆಸೆದ ಹಾಗಾಗಬಾರದು.

ಬುಡದ ಹತ್ತಿರ ಕೈಯಿಂದಲೇ ಕೀಳಿ. ನೈಲಾನ್ ದಾರ ಗಿರಗಿರ ತಿರುಗುವ ಹುಲ್ಲು ಕತ್ತರಿಸುವ ಯಂತ್ರ ಎಳೆ ಗಿಡಗಳಿಗೆ ಯಮ. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಬದಿಯ ತೆಳು ಪದರದಲ್ಲಿ. ಎಳೆ ಗಿಡದ ತೊಗಟೆ ಕಾಗದದಷ್ಟೇ. ದಾರ ಸುತ್ತಲೂ ಒಮ್ಮೆ ಸವರಿದರೆ ಆ ಪದರ ಉಂಗುರದಂತೆ ಕತ್ತರಿಸಿಹೋಗುತ್ತದೆ. ಗಿಡ ಅವತ್ತೇ ಸಾಯಲ್ಲ. ಕೆಲವು ವಾರ, ಕೆಲವು ತಿಂಗಳು ಹಸಿರಾಗೇ ಇದ್ದು, ಬೇರು ಉಪವಾಸ ಬಿದ್ದು, ಆಮೇಲೆ ಒಣಗುತ್ತದೆ. ಆಗ ಎಲ್ಲರೂ ರೋಗ ಅನ್ನುತ್ತಾರೆ. ಆ ಜಾಗದಲ್ಲಿ ಹುಲ್ಲು ಕತ್ತರಿಸುವವರು ಯಾರು ಅಂತ ತಿಳಿದು, ಪಾತಿಯೊಳಗೆ ಯಂತ್ರ ತರಬೇಡಿ ಅಂತ ಒಮ್ಮೆ ಮಾತಾಡಿ.

7. ಆಸರೆ ಕೋಲು, ಕಟ್ಟು, ಗಾರ್ಡ್

ಎಲ್ಲಾ ಗಿಡಕ್ಕೂ ಕೋಲು ಬೇಕಿಲ್ಲ. ತಾನೇ ನಿಲ್ಲುವ ಗಿಡವನ್ನು ಅದರ ಪಾಡಿಗೆ ಬಿಡಿ. ಗಾಳಿಗೆ ತೂಗಾಡಿದಷ್ಟೂ ಕಾಂಡ ದಪ್ಪವಾಗುತ್ತದೆ, ಬೇರು ಗಟ್ಟಿಯಾಗಿ ಹಿಡಿಯುತ್ತದೆ. ಹೀಗೆ ಮುಟ್ಟಿದ್ದಕ್ಕೆ, ಅಲುಗಿಸಿದ್ದಕ್ಕೆ ತಕ್ಕಂತೆ ಗಿಡ ತನ್ನ ಬೆಳವಣಿಗೆ ಬದಲಿಸಿಕೊಳ್ಳುವುದಕ್ಕೆ ಸಸ್ಯವಿಜ್ಞಾನಿ ಮಾರ್ಡೆಕೈ ಜಾಫೆ 1973ರಲ್ಲಿ ಥಿಗ್ಮೊಮಾರ್ಫೊಜೆನೆಸಿಸ್ ಅಂತ ಹೆಸರಿಟ್ಟರು. ಹೆಸರು ಮರೆತರೂ ನಡೆಯುತ್ತೆ, ಕಟ್ಟು ಸಡಿಲ ಇರಬೇಕು ಅನ್ನೋದು ಮರೆಯಬೇಡಿ.

ಕೋಲು ಬೇಕೇ ಆದರೆ ಮಣ್ಣುಂಡೆಯ ಆಚೆ ಊರಿ. ಗಿಡದ ಎತ್ತರದ ಮೂರನೇ ಒಂದು ಭಾಗದಲ್ಲಿ, ಎಂಟರ ಆಕಾರದಲ್ಲಿ ಬಟ್ಟೆ ಪಟ್ಟಿ ಸುತ್ತಿ: ಒಂದು ಸುತ್ತು ಗಿಡಕ್ಕೆ, ಒಂದು ಕೋಲಿಗೆ, ನಡುವೆ ಅಡ್ಡ ಹಾದುಹೋಗುವಂತೆ. ಆಗ ಗಿಡ ಕೋಲಿಗೆ ಉಜ್ಜಲ್ಲ. ತಂತಿ, ಪ್ಲಾಸ್ಟಿಕ್ ದಾರ ಬೇಡವೇ ಬೇಡ. ನಾನೇ ಒಮ್ಮೆ "ಆಮೇಲೆ ಬದಲಾಯಿಸ್ತೀನಿ" ಅಂತ ನೈಲಾನ್ ಹಗ್ಗ ಕಟ್ಟಿ ಬಂದೆ. ನೆನಪಾಗಿ ಹೋಗುವಷ್ಟರಲ್ಲಿ ತೊಗಟೆ ಹಗ್ಗವನ್ನು ನುಂಗಿ ಮೇಲೆ ತುಟಿಯ ಹಾಗೆ ಉಬ್ಬಿತ್ತು. ಬಿಡಿಸಲು ಆಗಲಿಲ್ಲ. ಮುಂದಿನ ಗಾಳಿಗೆ ಸರಿಯಾಗಿ ಅಲ್ಲೇ ಮುರಿಯಿತು.

ಹಾಗಾಗಿ ಮೂರು ತಿಂಗಳಿಗೊಮ್ಮೆ ಕಟ್ಟು ಬಿಚ್ಚಿ ಕಟ್ಟಿ. ಕಟ್ಟಿಗೂ ಕಾಂಡಕ್ಕೂ ನಡುವೆ ಎರಡು ಬೆರಳು ಹೋಗಬೇಕು. ವರ್ಷವಾದ ಮೇಲೆ ಬಿಚ್ಚಿ ನೋಡಿ. ಗಿಡ ನಿಂತರೆ ಕೋಲನ್ನು ತೆಗೆದುಬಿಡಿ.

ದನ, ಮೇಕೆ, ಜಿಂಕೆ ಓಡಾಡುವ ಕಡೆ ಗಾರ್ಡ್ ಬೇಕು. ಮುಳ್ಳಿನ ಬೇಲಿಯೋ ಬಿದಿರೋ ಕಬ್ಬಿಣವೋ, ಜಾಗಕ್ಕೆ ತಕ್ಕದ್ದು. ಗಾರ್ಡ್ ಒಳಗೆ ಬಳ್ಳಿ ತುಂಬಿ ಗಿಡವೇ ಕಾಣದಿರುವುದು ಮಾಮೂಲಿ, ಒಳಗೆ ಕೈ ಹಾಕಿ ಬಿಡಿಸಿ. ಕಬ್ಬಿಣದ ಸರಳು ತೊಗಟೆಗೆ ತಾಗುತ್ತಿದೆಯಾ ನೋಡಿ. ಜೊತೆಗೆ, ಗಾರ್ಡ್‌ಗೆ ನೇತುಬಿದ್ದ ಬ್ಯಾನರ್ ದಾರ, ಮೊಳೆ ಏನಿದ್ದರೂ ತೆಗೆಯಿರಿ.

8. ಕತ್ತರಿಯನ್ನು ದೂರ ಇಡಿ

ಮೊದಲ ವರ್ಷ ಒಣಗಿದ, ಮುರಿದ, ಒಂದಕ್ಕೊಂದು ಉಜ್ಜುವ ರೆಂಬೆ ಬಿಟ್ಟು ಬೇರೇನೂ ಕತ್ತರಿಸಬೇಡಿ. ಬೇರು ಬೆಳೆಯಲು ಬೇಕಾದ ಊಟ ಎಲೆಯಿಂದಲೇ ಬರಬೇಕು. "ಬೇಗ ಎತ್ತರ ಹೋಗಲಿ" ಅಂತ ಕೆಳಗಿನ ರೆಂಬೆಗಳನ್ನೆಲ್ಲಾ ಸವರಿದರೆ ಗಿಡ ಬಡಕಲಾಗಿ ಬಾಗುತ್ತದೆ. ಕೆಳರೆಂಬೆಗಳು ಕಾಂಡವನ್ನು ದಪ್ಪ ಮಾಡುತ್ತವೆ.

ಎರಡನೇ ವರ್ಷದಿಂದ ಒಂದು ವಿಷಯ ನೋಡಿ: ತುದಿಯಲ್ಲಿ ಸಮಸಮ ದಪ್ಪದ ಎರಡು ಕವಲು ಪೈಪೋಟಿಗೆ ಏರುತ್ತಿವೆಯಾ? ದೊಡ್ಡದಾದ ಮೇಲೆ ಆ ಸಂದಿಯಲ್ಲಿ ಮರ ಸೀಳುವ ಅಪಾಯ ಜಾಸ್ತಿ. ಎತ್ತರಕ್ಕೆ ಒಂಟಿ ಕಾಂಡದಲ್ಲಿ ಬೆಳೆಯುವ ಜಾತಿಯಾದರೆ, ತಿಳಿದವರನ್ನು ಕೇಳಿ ಒಂದನ್ನು ಗಿಡ್ಡ ಮಾಡಿ. ಸ್ವಭಾವದಿಂದಲೇ ಪೊದೆಯಾಗುವ ಜಾತಿಗೆ ಇದು ಅನ್ವಯಿಸಲ್ಲ.

ಕತ್ತರಿಸುವಾಗ ರೆಂಬೆ ಕಾಂಡಕ್ಕೆ ಸೇರುವಲ್ಲಿ ಇರುವ ಉಬ್ಬಿದ ಪಟ್ಟಿಯನ್ನು ಬಿಟ್ಟು, ಅದರ ಹೊರಗೆ ಕತ್ತರಿಸಿ. ಗಾಯ ಮುಚ್ಚುವ ಅಂಗಾಂಶ ಇರುವುದು ಅಲ್ಲೇ. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ ತೋರಿಸಿದ್ದು ಇದನ್ನೇ: ಮರದ ಗಾಯ ನಮ್ಮ ಗಾಯದ ಹಾಗೆ ಮಾಯುವುದಿಲ್ಲ, ಮರ ಅದರ ಸುತ್ತ ಗೋಡೆ ಕಟ್ಟಿಕೊಂಡು ಮುಂದೆ ಬೆಳೆಯುತ್ತದೆ. ಕತ್ತರಿಸಿದ ಜಾಗಕ್ಕೆ ಪೇಂಟ್, ಟಾರು ಬಳಿಯುವುದರಿಂದ ಉಪಯೋಗವಿಲ್ಲ ಅಂತಲೂ ಅವರು ಹೇಳಿದರು.

9. ಎಲೆಯಲ್ಲಿ ತೂತು ಬಿದ್ದರೆ

ಸಂತೋಷಪಡಿ. ಸ್ಥಳೀಯ ಮರ ನೆಡುವುದೇ ಅದಕ್ಕೆ. ಆ ನೆಲದ ಹುಳಗಳಿಗೆ ಆ ಎಲೆ ಜೀರ್ಣವಾಗುತ್ತದೆ, ಹುಳ ಹಕ್ಕಿ ಮರಿಗೆ ಊಟವಾಗುತ್ತದೆ. ಉತ್ತರ ಅಮೆರಿಕದ ಚಿಕಡೀ ಅನ್ನುವ ಪುಟ್ಟ ಹಕ್ಕಿ ಒಂದು ಗೂಡಿನ ಮರಿಗಳನ್ನು ಹಾರುವವರೆಗೆ ಸಾಕಲು 6,000ದಿಂದ 9,000 ಕಂಬಳಿಹುಳ, ಮರಿಹುಳ ತರಬೇಕಾಗುತ್ತದೆ ಅನ್ನುವುದು ಅಲ್ಲಿನ ಕೀಟವಿಜ್ಞಾನಿ ಡಗ್ಲಸ್ ಟಾಲಮಿ ಮತ್ತೆ ಮತ್ತೆ ಹೇಳುವ ಲೆಕ್ಕ. ಎಳೆ ಗಿಡದ ಅರ್ಧಕ್ಕಿಂತ ಹೆಚ್ಚು ಎಲೆ ಹೋದರೆ ಮಾತ್ರ ಕೈಯಿಂದ ಕೆಲವು ಹುಳ ಆರಿಸಿ ದೂರ ಬಿಡಿ. ಔಷಧಿ ಹೊಡೆಯಬೇಡಿ.

ಗೊಬ್ಬರವೂ ಮೊದಲ ವರ್ಷ ಬೇಡ. ರಾಸಾಯನಿಕ ಗೊಬ್ಬರದ ಉಪ್ಪು ಎಳೆ ಬೇರನ್ನು ಸುಡುತ್ತದೆ. ಹೊದಿಕೆ ಕೊಳೆತು ಕೊಡುವುದೇ ಸಾಕು.

10. ಬರೆದಿಡಿ

ಪ್ರತಿ ಗಿಡಕ್ಕೂ ಒಂದು ನಂಬರ್. ತಗಡಿನ ಬಿಲ್ಲೆಯನ್ನು ಕೋಲಿಗೋ ಗಾರ್ಡ್‌ಗೋ ಕಟ್ಟಿ, ಕಾಂಡಕ್ಕೆ ಮೊಳೆ ಹೊಡೆಯಬೇಡಿ. ಪುಸ್ತಕದಲ್ಲಿ ಒಂದು ಗಿಡಕ್ಕೆ ಒಂದು ಸಾಲು ಸಾಕು: ದಿನಾಂಕ, ಬೆರಳಿಗೆ ಒಣಗಿತ್ತೋ ಪಸೆಯಿತ್ತೋ, ಎಷ್ಟು ನೀರು, ಏನು ಕಂಡಿತು. ಉದಾಹರಣೆಗೆ: "7ನೇ ಗಿಡ. ಪಸೆ ಇತ್ತು, ನೀರು ಹಾಕಿಲ್ಲ. ಎರಡು ಹೊಸ ಚಿಗುರು. ಕಟ್ಟು ಸಡಿಲಿಸಿದೆ." ಆರು ತಿಂಗಳಿಗೊಮ್ಮೆ ಎತ್ತರ ಅಳೆಯಿರಿ, ಒಂದೇ ಜಾಗದಲ್ಲಿ ನಿಂತು ಫೋಟೊ ತೆಗೆಯಿರಿ. ಗುಂಪಿನಲ್ಲಿ ಕೆಲಸ ಮಾಡುವಾಗ ಈ ಸಾಲನ್ನು ವಾಟ್ಸ್‌ಆ್ಯಪ್‌ಗೆ ಹಾಕಿದರೆ ಇನ್ನೊಬ್ಬರು ಅದೇ ದಿನ ಮತ್ತೆ ನೀರು ಹಾಕುವುದು ತಪ್ಪುತ್ತದೆ.

ಸತ್ತದ್ದನ್ನೂ ಬರೆಯಿರಿ. ನಾಚಿಕೆ ಬೇಡ. ಸತ್ತ ಗಿಡವನ್ನು ಮುಚ್ಚಿಟ್ಟರೆ ಮುಂದಿನ ವರ್ಷ ಅದೇ ಗುಂಡಿಯಲ್ಲಿ ಅದೇ ಕಾರಣಕ್ಕೆ ಇನ್ನೊಂದು ಸಾಯುತ್ತದೆ. ಕಿತ್ತು ಬೇರು ನೋಡಿ. ಕಪ್ಪಾಗಿ ಮೆತ್ತಗಿದ್ದರೆ ನೀರು ಹೆಚ್ಚಾಗಿದೆ. ಬೇರು ಚೀಲದ ಆಕಾರದಲ್ಲೇ ಸುತ್ತಿಕೊಂಡಿದ್ದರೆ ನೆಡುವಾಗ ಬಿಡಿಸಿಲ್ಲ. ಒಣಗಿ ಕಡ್ಡಿಯಾಗಿದ್ದರೆ ನೀರು ಸಾಲಲಿಲ್ಲ. ಬುಡದಲ್ಲಿ ಉಂಗುರದ ಗಾಯವಿದ್ದರೆ ಯಂತ್ರವೋ ಇಲಿಯೋ. ಹೊಸ ಗಿಡವನ್ನು ತಕ್ಷಣ ನೆಡಬೇಡಿ, ನೆಡುವ ಕಾಲ ಬರಲಿ.

11. ಯಾವಾಗ ಬಿಡಬಹುದು?

ಮೊದಲ ಬೇಸಿಗೆ ದಾಟಿದರೆ ಗೆದ್ದೆವು ಅಂದುಕೊಳ್ಳುತ್ತಾರೆ. ನನಗೆ ಹೆಚ್ಚು ಭಯ ಎರಡನೇ ಬೇಸಿಗೆಯದ್ದು. ಗಿಡ ಚೆನ್ನಾಗಿ ಕಾಣುತ್ತಿರುತ್ತದೆ, ನೆಟ್ಟ ದಿನದ ಉತ್ಸಾಹ ಯಾರಲ್ಲೂ ಉಳಿದಿರುವುದಿಲ್ಲ. ಎಲೆ ದುಪ್ಪಟ್ಟಾಗಿ ನೀರಿನ ಖರ್ಚೂ ಏರಿರುತ್ತದೆ, ಬೇರು ಮಾತ್ರ ಇನ್ನೂ ದಾರಿಯಲ್ಲಿರುತ್ತದೆ. ಗುಂಪಿನ ಕ್ಯಾಲೆಂಡರಿನಲ್ಲಿ ಆ ತಿಂಗಳುಗಳಿಗೆ ಈಗಲೇ ಗುರುತು ಹಾಕಿಡಿ.

ನೀರು ಹಾಕದೆ ಒಂದು ಪೂರ್ತಿ ತಿಂಗಳು ಒಣ ಹವೆಯಲ್ಲಿ ಗಿಡ ಬಾಡದೆ ನಿಂತರೆ, ಹೊಸ ಚಿಗುರು ಬರುತ್ತಿದ್ದರೆ, ಕಾಂಡ ಹಿಡಿದು ಮೆಲ್ಲಗೆ ಅಲುಗಿಸಿದಾಗ ಬುಡದ ಮಣ್ಣು ಬಿರಿಯದಿದ್ದರೆ, ಬೇರು ನೆಲ ಹಿಡಿದಿದೆ. ಆಗ ಕೋಲು, ಕಟ್ಟು, ಬಿಲ್ಲೆ ಎಲ್ಲವನ್ನೂ ತೆಗೆಯಿರಿ. ದನಕ್ಕೆ ಎಟುಕದಷ್ಟು ಎತ್ತರ ಹೋಗಿ, ತೊಗಟೆ ಒರಟಾದ ಮೇಲೆ ಗಾರ್ಡ್ ಕೂಡ. ಗಾರ್ಡ್ ಬಿಚ್ಚುವಾಗ ಒಬ್ಬರೇ ಹೋಗಬೇಡಿ, ತುಕ್ಕು ಹಿಡಿದ ಬೋಲ್ಟು ಹಟ ಮಾಡುತ್ತದೆ. ಸ್ಪ್ಯಾನರ್ ಜೊತೆ ಸ್ವಲ್ಪ ಎಣ್ಣೆಯೂ ಇರಲಿ.